ಬಾಂದೋಲ್ ಕೆಂಪು ವೈನ್‌ಗೆ ಕೊಟ್ಟಿಗೆ ವಾಸನೆ ಬಂದರೆ ಅದು ಕೆಟ್ಟಿದೆಯಾ?

ಪ್ರಶ್ನೆ: ನಮ್ಮ ಮಗ ಫ್ರಾನ್ಸ್‌ನ ತುಲೂಸ್‌ನಲ್ಲಿ ಕೆಲಸದಲ್ಲಿದ್ದಾನೆ. ಹೋದ ಸಲ ಊರಿಗೆ ಬಂದಾಗ ಎರಡು ಬಾಟಲಿ ಕೆಂಪು ವೈನ್ ತಂದ. ಲೇಬಲ್ ಮೇಲೆ ಬಾಂದೋಲ್ ಅಂತಿದೆ, 2021ರದ್ದು, ಆಲ್ಕೊಹಾಲ್ ಶೇ 14. 'ಒಳ್ಳೆ ತೋಟದ್ದು ಅಮ್ಮಾ, ಗಟ್ಟಿ ವೈನ್' ಅಂದ. ನಾನೂ ನಮ್ಮ ಯಜಮಾನರೂ ಅಪರೂಪಕ್ಕೆ ನಂದಿ ಬೆಟ್ಟದ ಕಡೆಯ ಶಿರಾಜ್ ಕುಡಿಯುತ್ತೇವೆ, ಅದು ನಮಗೆ ಹಿಡಿಸುತ್ತದೆ. ಇದನ್ನು ತೆರೆದ ಕೂಡಲೇ ಕೊಟ್ಟಿಗೆ ವಾಸನೆ ಬಂತು. ಬಾಯಿಗೆ ಹಾಕಿದರೆ ವಸಡು ಹಿಡಿದುಕೊಳ್ಳುವಷ್ಟು ಕಹಿ. ಅವತ್ತು ಊಟಕ್ಕೆ ಖಾರವಾದ ಕೋಳಿ ಸಾರು ಇತ್ತು, ಎರಡೂ ಸೇರಿ ಬಾಯಿ ಉರಿದುಹೋಯಿತು. ಅರ್ಧ ಬಾಟಲಿ ಸಿಂಕಿಗೆ ಸುರಿದೆವು. ವೈನ್ ಕೆಟ್ಟಿತ್ತಾ? ಇನ್ನೊಂದು ಬಾಟಲಿ ಅಟ್ಟದ ಮೇಲಿದೆ, ಅದನ್ನು ಏನು ಮಾಡಲಿ? ಮುಂದಿನ ಸಲ ಮಗನಿಗೆ ಏನು ತರಲು ಹೇಳಲಿ?
— ಮೈಸೂರಿನ ಓದುಗರು

ಉತ್ತರ: ಮೊದಲು ಆ ಬಾಟಲಿಯನ್ನು ಅಟ್ಟದಿಂದ ಇಳಿಸಿ, ಮೇಡಂ. ಮನೆಯಲ್ಲಿ ಅತಿ ಹೆಚ್ಚು ಸೆಕೆ ಇರುವ ಜಾಗ ಅದೇ. ಏಪ್ರಿಲ್‌ನಲ್ಲಿ ಅಲ್ಲಿ ಕೈಯಿಟ್ಟು ನೋಡಿದರೆ ಗೊತ್ತಾಗುತ್ತದೆ. ಸದ್ಯಕ್ಕೆ ಫ್ರಿಜ್ಜಿನ ತರಕಾರಿ ಡಬ್ಬದಲ್ಲಿ ಅಡ್ಡ ಮಲಗಿಸಿಡಿ. ಉಳಿದದ್ದು ಆಮೇಲೆ.

ನೀವು ಹೇಳಿದ ಲಕ್ಷಣ ನೋಡಿದರೆ ವೈನ್ ಕೆಟ್ಟಿರಲಿಲ್ಲ ಅಂತಲೇ ನನಗನಿಸುತ್ತದೆ. ಅದನ್ನು ಕುಡಿದ ಹೊತ್ತು ಸರಿಯಿರಲಿಲ್ಲ, ಜೊತೆಗಿದ್ದ ಊಟವೂ ಸರಿಯಿರಲಿಲ್ಲ. ಆ ಕೊಟ್ಟಿಗೆ ವಾಸನೆ, ಆ ಒಗರು, ಎರಡೂ ಆ ದ್ರಾಕ್ಷಿಯ ಹುಟ್ಟುಗುಣ. ಬಾಂದೋಲ್‌ನಲ್ಲಿ ವೈನ್ ಮಾಡುವವರು ಪಾಲಿಸುವ ಕಟ್ಟುಪಾಡುಗಳೆಲ್ಲ ಈ ಒಂದು ಒರಟು ದ್ರಾಕ್ಷಿಯನ್ನು ಪಳಗಿಸುವುದಕ್ಕಾಗಿಯೇ ಇವೆ ಅಂದರೂ ತಪ್ಪಿಲ್ಲ.

ಆ ದ್ರಾಕ್ಷಿಯ ಹೆಸರು ಮೂರ್ವೆದ್ರ್. ಕಾಳು ಚಿಕ್ಕದು, ಸಿಪ್ಪೆ ದಪ್ಪ. ಕೆಂಪು ವೈನ್‌ನ ಬಣ್ಣ ಸಿಪ್ಪೆಯಿಂದ ಬರುತ್ತದೆ. ಒಗರು ಕೊಡುವ ಟ್ಯಾನಿನ್ ಸಿಪ್ಪೆಯಿಂದಲೂ ಬೀಜದಿಂದಲೂ ಬರುತ್ತದೆ. ಕಾಳು ಚಿಕ್ಕದಾದಷ್ಟೂ ರಸ ಕಡಿಮೆ, ಸಿಪ್ಪೆಯ ಪಾಲು ಜಾಸ್ತಿ. ಅಡಿಕೆಯಲ್ಲಿ, ಕಡು ಚಹಾದಲ್ಲಿ, ಬಲಿಯದ ನೇರಳೆ ಹಣ್ಣಿನಲ್ಲಿ ಇರುವುದೂ ಟ್ಯಾನಿನ್ ಜಾತಿಯ ವಸ್ತುವೇ. ನಮ್ಮ ಎಂಜಲಿನಲ್ಲಿ ಬಾಯನ್ನು ನುಣುಪಾಗಿಡುವ ಪ್ರೋಟೀನ್ ಇದೆ. ಟ್ಯಾನಿನ್ ಅದಕ್ಕೆ ಅಂಟಿಕೊಂಡು ಗಟ್ಟಿ ಮಾಡುತ್ತದೆ. ನುಣುಪು ಹೋಗಿ ವಸಡು ಒಣಗಿದ ಹಾಗಾಗುತ್ತದೆ. ನೀವು ಕಹಿ ಅಂದಿರಿ, ಆದರೆ ವಸಡು ಹಿಡಿದುಕೊಂಡಿತು ಅಂತಲೂ ಬರೆದಿದ್ದೀರಿ. ಅದು ಒಗರಿನ ಕೆಲಸ.

ನಂದಿ ಬೆಟ್ಟದ ಕಡೆಯ ಶಿರಾಜ್ ನಿಮಗೆ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿಯ ಬಹುಪಾಲು ವೈನ್ ಬೇಗ ಕುಡಿಯಲೆಂದೇ ಮಾಡಿದ್ದು. ಹಣ್ಣಿನ ರುಚಿ ಮುಂದಿರುತ್ತದೆ, ಒಗರು ಹಿತವಾಗಿರುತ್ತದೆ. ಬಾಂದೋಲ್ ಕೆಂಪು ಇದಕ್ಕೆ ಪೂರಾ ಉಲ್ಟಾ.

ಬಾಂದೋಲ್ ಅನ್ನುವುದು ಫ್ರಾನ್ಸ್‌ನ ತೆಂಕಣ ತುದಿಯಲ್ಲಿ, ಮೆಡಿಟರೇನಿಯನ್ ಕಡಲಂಚಿನ ಒಂದು ಸಣ್ಣ ಬಂದರು. ಒಂದು ಕಡೆ ಮಾರ್ಸೇ, ಇನ್ನೊಂದು ಕಡೆ ತೂಲೋನ್, ನಡುವೆ ಇದು. ಹಿಂದೆ ವೈನ್ ಪೀಪಾಯಿಗಳು ಈ ಬಂದರಿನಿಂದ ಹಡಗು ಹತ್ತುತ್ತಿದ್ದವು. ದ್ರಾಕ್ಷಿ ಬೆಳೆಯುವುದು ಮಾತ್ರ ಬಂದರಿನ ಹಿಂದಿನ ಗುಡ್ಡಗಳಲ್ಲಿ. ಲ ಕಾಸ್ತೆಲೆ, ಲಾ ಕಾದಿಯೇರ್, ಲ ಬೋಸೆ ಮುಂತಾದ ಊರುಗಳ ಸುತ್ತ ಕಲ್ಲು ಪೇರಿಸಿ ಕಟ್ಟಿದ ಮೆಟ್ಟಿಲು ಹೊಲಗಳಿವೆ. ಅಲ್ಲಿಯವರು ಅದಕ್ಕೆ ರೆಸ್ತಾಂಕ್ ಅನ್ನುತ್ತಾರೆ. ಮಣ್ಣಿನಲ್ಲಿ ಸುಣ್ಣಕಲ್ಲು, ಜೇಡಿ, ಮರಳುಗಲ್ಲು ಎಲ್ಲ ಬೆರೆತಿವೆ. ಭೂಗರ್ಭ ಓದಿದವರಿಗೆ ಲ ಬೋಸೆ ಇನ್ನೊಂದು ಕಾರಣಕ್ಕೆ ಗೊತ್ತು: ಕೆಳಗಿರಬೇಕಾದ ಹಳೆಯ ಬಂಡೆ ಅಲ್ಲಿ ಎಳೆಯ ಬಂಡೆಯ ಮೇಲೆ ಹತ್ತಿ ಕೂತಿದೆ. ಮಾರ್ಸೆಲ್ ಬೆರ್ತ್ರಾಂ ಅನ್ನುವ ಭೂವಿಜ್ಞಾನಿ 1887ರಲ್ಲಿ ಇದನ್ನು ವಿವರಿಸಿದರು. ಇಷ್ಟು ಹೇಳಿ ಮುಂದೆ ಹೋಗುತ್ತೇನೆ. 'ಬಂಡೆಯ ರುಚಿ ವೈನ್‌ಗೆ ಬರುತ್ತದೆ' ಅಂತ ನಾಟಕೀಯವಾಗಿ ಹೇಳುವ ಮಾತು ನನಗೆ ಒಪ್ಪಿಗೆಯಿಲ್ಲ.

ಒಪ್ಪಿಗೆಯಿರುವುದು ಬಿಸಿಲಿನ ಮಾತು. ಮೂರ್ವೆದ್ರ್ ತಡವಾಗಿ ಚಿಗುರುತ್ತದೆ, ಅದಕ್ಕಿಂತ ತಡವಾಗಿ ಹಣ್ಣಾಗುತ್ತದೆ. ಫ್ರಾನ್ಸ್‌ನ ಹೆಚ್ಚಿನ ಕಡೆ ಇದು ಹಣ್ಣಾಗುವ ಮೊದಲೇ ಚಳಿ ಬಂದುಬಿಡುತ್ತದೆ. ಅರೆಬರೆ ಹಣ್ಣಾದ ಮೂರ್ವೆದ್ರ್‌ನಿಂದ ಮಾಡಿದ ವೈನ್ ಒಗರು ಬಿಟ್ಟು ಬೇರೇನೂ ಅಲ್ಲ. ಬಾಂದೋಲ್‌ನ ಗುಡ್ಡಗಳು ದಕ್ಷಿಣಕ್ಕೆ, ಕಡಲಿಗೆ ಮುಖ ಮಾಡಿವೆ. ಸೆಪ್ಟೆಂಬರ್ ಕೊನೆಯವರೆಗೂ ಬಿಸಿಲು ಬಿಡುವುದಿಲ್ಲ. ಬಿಸಿಲು ಹೆಚ್ಚಾದಾಗ ಕಡಲ ಗಾಳಿ ತಂಪು ಮಾಡುತ್ತದೆ. ಉತ್ತರದಿಂದ ಬೀಸುವ ಮಿಸ್ತ್ರಾಲ್ ಅನ್ನುವ ಒಣ ಗಾಳಿ ಗೊಂಚಲು ಒಣಗಿಸಿ ಬೂಷ್ಟು ತಡೆಯುತ್ತದೆ. ಈ ದ್ರಾಕ್ಷಿಗೆ ಮುಖ ಕಡಲ ಕಡೆ, ಕಾಲು ನೀರಿನಲ್ಲಿ ಇರಬೇಕು ಅಂತ ಅಲ್ಲಿಯವರ ಮಾತು. ಬಿಸಿಲೂ ಬೇಕು, ಬೇರಿಗೆ ತೇವವೂ ಬೇಕು. ಜೇಡಿಮಣ್ಣು ಆ ತೇವ ಹಿಡಿದಿಡುತ್ತದೆ.

ಇಂಥ ಹಟಮಾರಿ ಬೆಳೆಯನ್ನು ಯಾರಾದರೂ ಯಾಕೆ ಇಟ್ಟುಕೊಳ್ಳುತ್ತಾರೆ ಅನ್ನಿಸಬಹುದು. ಒಂದು ಕಾಲಕ್ಕೆ ಬಿಟ್ಟೂ ಬಿಟ್ಟಿದ್ದರು. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರಾ ಅನ್ನುವ ಬೇರು ತಿನ್ನುವ ಹೇನು ಅಮೆರಿಕದಿಂದ ಬಂದು ಫ್ರಾನ್ಸ್‌ನ ದ್ರಾಕ್ಷಿ ತೋಟಗಳನ್ನು ನೆಲಸಮ ಮಾಡಿತು. ಅದಕ್ಕೆ ಸಿಕ್ಕಿದ ಪರಿಹಾರ ಅಮೆರಿಕದ ಬಳ್ಳಿಯ ಬೇರಿಗೆ ಫ್ರೆಂಚ್ ಬಳ್ಳಿಯನ್ನು ಕಸಿ ಕಟ್ಟುವುದು. ಮೂರ್ವೆದ್ರ್ ಆ ಬೇರುಗಳಿಗೆ ಸುಲಭವಾಗಿ ಒಗ್ಗಲಿಲ್ಲ. ಇಳುವರಿಯೂ ಕಡಿಮೆ. ರೈತರು ಸುಮ್ನೆ ಯಾಕೆ ತಲೆನೋವು ಅಂತ ಜಾಸ್ತಿ ಬೆಳೆ ಕೊಡುವ ತಳಿಗಳನ್ನು ಹಾಕಿಕೊಂಡರು.

ಅದು ಮತ್ತೆ ಬಂದದ್ದರಲ್ಲಿ ಒಂದು ತೋಟದ ಪಾಲು ದೊಡ್ಡದು. ದೊಮೇನ್ ತಾಂಪಿಯೆ ಅಂತ ಅದರ ಹೆಸರು, ಲ ಕಾಸ್ತೆಲೆ ಹತ್ತಿರ ಇದೆ. 1936ರಲ್ಲಿ ಆ ಮನೆಯ ಮಗಳು ಲೂಸಿ ತಾಂಪಿಯೆಯನ್ನು ಲೂಸಿಯಾಂ ಪೇರೋ ಮದುವೆಯಾದರು. ಮಾವ ಒಂದು ದಿನ ಫಿಲಾಕ್ಸೆರಾಕ್ಕಿಂತ ಹಿಂದಿನ ಕಾಲದ ಬಾಂದೋಲ್ ಬಾಟಲಿಯೊಂದನ್ನು ಅಳಿಯನಿಗೆ ತೆರೆದು ಕೊಟ್ಟರಂತೆ. ಅಷ್ಟು ವರ್ಷವಾದರೂ ಜೀವ ಹಿಡಿದುಕೊಂಡಿದ್ದ ಆ ವೈನ್ ಕುಡಿದ ಅಳಿಯನ ತಲೆಗೆ ಮೂರ್ವೆದ್ರ್ ಹುಚ್ಚು ಹತ್ತಿತು. ತಮ್ಮ ತೋಟದಲ್ಲಿ ಮತ್ತೆ ನೆಟ್ಟರು, ಅಕ್ಕಪಕ್ಕದವರಿಗೂ ಹಚ್ಚಿದರು. 1941ರಲ್ಲಿ ಬಾಂದೋಲ್‌ಗೆ ಅಧಿಕೃತ ಮಾನ್ಯತೆ ಸಿಕ್ಕಿತು. ಅಂದರೆ ಗೊತ್ತುಮಾಡಿದ ಊರುಗಳಲ್ಲಿ ಗೊತ್ತುಮಾಡಿದ ರೀತಿಯಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು. ನಮ್ಮ ಮೈಸೂರು ಮಲ್ಲಿಗೆಗೆ ಭೌಗೋಳಿಕ ಗುರುತು ಇದೆಯಲ್ಲ, ಆ ಥರ, ಆದರೆ ಕಟ್ಟುಪಾಡು ಇನ್ನೂ ಬಿಗಿ.

ಲೂಸಿಯನ್ನು ಎಲ್ಲರೂ ಲುಲು ಅನ್ನುತ್ತಿದ್ದರು. ಏಳು ಮಕ್ಕಳ ತಾಯಿ. ತೋಟಕ್ಕೆ ಬಂದವರಿಗೆಲ್ಲ ಒಲೆ ಹಚ್ಚಿ ಅಡುಗೆ ಮಾಡಿ ಹಾಕುವ ಕೈ. ಲುಲು ಅವರಿಂದ ಕಲಿತವರಲ್ಲಿ ಅಮೆರಿಕದ ಹೆಸರಾಂತ ಅಡುಗೆಗಾರ್ತಿ ಆಲಿಸ್ ವಾಟರ್ಸ್ ಕೂಡ ಒಬ್ಬರು. ಲುಲು 2020ರಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು. ಈ ವೈನ್ ಊಟದ ಜೊತೆಗೇ ಇರಬೇಕಾದದ್ದು ಅಂತ ಜಗತ್ತಿಗೆ ತೋರಿಸಿದ್ದರಲ್ಲಿ ಗಂಡನಷ್ಟೇ ಪಾಲು ಈ ಹೆಂಗಸಿನದ್ದು ಅಂತ ನನ್ನ ಅಭಿಪ್ರಾಯ.

ಈಗಿನ ಕಟ್ಟುಪಾಡು ಹೀಗಿದೆ: ಬಾಂದೋಲ್ ಕೆಂಪು ವೈನ್‌ನಲ್ಲಿ ಕನಿಷ್ಠ ಶೇ 50 ಮೂರ್ವೆದ್ರ್ ಇರಬೇಕು. ಉಳಿದದ್ದು ಮುಖ್ಯವಾಗಿ ಗ್ರೆನಾಶ್ ಮತ್ತು ಸಾಂಸೋ. ಈ ಎರಡು ಹಣ್ಣುಗಳು ಮೆತ್ತಗೆ, ಒರಟನ್ನು ಸ್ವಲ್ಪ ಕಡಿಮೆ ಮಾಡುತ್ತವೆ. ಹಣ್ಣನ್ನು ಕೈಯಲ್ಲೇ ಕೊಯ್ಯಬೇಕು. ವೈನ್ ಕನಿಷ್ಠ 18 ತಿಂಗಳು ಮರದ ಪೀಪಾಯಿಯಲ್ಲಿ ಕೂರಬೇಕು.

ಈ ಪೀಪಾಯಿ ವಿಷಯಕ್ಕೆ ಬಂದರೆ ನಿಮ್ಮ ಕೊಟ್ಟಿಗೆ ವಾಸನೆಗೆ ಉತ್ತರ ಸಿಗುತ್ತದೆ. ಕೆಲವು ದ್ರಾಕ್ಷಿಗಳಿಗೆ ಗಾಳಿ ತಾಗಿದರೆ ಬೇಗ ಸೊರಗುತ್ತವೆ. ಗ್ರೆನಾಶ್ ಆ ಜಾತಿ. ಮೂರ್ವೆದ್ರ್‌ಗೆ ಗಾಳಿ ಸಿಗದಿದ್ದರೆ ಕಷ್ಟ. ಉಸಿರುಗಟ್ಟಿದಾಗ ಅದರಲ್ಲಿ ಗಂಧಕದ ಸಂಯುಕ್ತಗಳು ಸೇರಿಕೊಳ್ಳುತ್ತವೆ. ಬೆಂದ ಮೊಟ್ಟೆ, ಗೀರಿದ ಬೆಂಕಿಕಡ್ಡಿ, ಚರ್ಮ, ದನದ ಮೈ, ಹೀಗೆ ನಾನಾ ಥರ ವಾಸನೆ. ಮರದ ಪೀಪಾಯಿಯಲ್ಲಿ ನಿಧಾನವಾಗಿ, ತುಸು ತುಸುವೇ ಗಾಳಿ ಒಳಗೆ ಹೋಗುತ್ತದೆ. ಬಾಂದೋಲ್‌ನ ಹಳೆ ಮನೆತನಗಳು ಹೆಚ್ಚಾಗಿ ಬಳಸುವುದು ಸಾವಿರಾರು ಲೀಟರ್ ಹಿಡಿಯುವ ದೊಡ್ಡ, ಹಳೆಯ ಪೀಪಾಯಿ. ಅದರಲ್ಲಿ ಹೊಸ ಮರದ ಪರಿಮಳ ವೈನ್‌ಗೆ ಅಂಟುವುದಿಲ್ಲ, ಉಸಿರು ಮಾತ್ರ ಸಿಗುತ್ತದೆ. ಆಮೇಲೆ ಬಾಟಲಿಗೆ ತುಂಬಿ ಬೆಂಡು ಬಿಗಿದರೆ ಮತ್ತೆ ಉಸಿರು ಕಡಿಮೆ. ನೀವು ತೆರೆದ ತಕ್ಷಣ ಮೂಗಿಗೆ ಬಂದದ್ದು ಆ ಮುಚ್ಚಿಟ್ಟ ಗಾಳಿ.

ಇನ್ನೊಂದು ಸಾಧ್ಯತೆಯೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹಳೆ ಪೀಪಾಯಿಯ ಮರದಲ್ಲಿ ಬ್ರೆಟ್ಟನೊಮೈಸಿಸ್ ಅನ್ನುವ ಒಂದು ಯೀಸ್ಟ್ ಮನೆ ಮಾಡಿಕೊಳ್ಳುತ್ತದೆ. ಅದು ಉಂಟುಮಾಡುವ ವಾಸನೆ ಕೂಡ ಕೊಟ್ಟಿಗೆ, ಕುದುರೆ ಲಾಯದ ಥರವೇ. ಚೂರು ಇದ್ದರೆ ದಕ್ಷಿಣ ಫ್ರಾನ್ಸ್‌ನ ವೈನ್ ಕುಡಿಯುವ ಎಷ್ಟೋ ಜನ ಖುಷಿಪಡುತ್ತಾರೆ. ಜಾಸ್ತಿಯಾದರೆ ಹಣ್ಣಿನ ರುಚಿಯನ್ನೆಲ್ಲ ನುಂಗಿಹಾಕುತ್ತದೆ. ಅದನ್ನು 'ಆ ನೆಲದ ಗುಣ' ಅಂತ ಹೊಗಳುವವರಿದ್ದಾರೆ. ನನ್ನ ಪ್ರಕಾರ ಅದು ಕಳಪೆ ಕೆಲಸ.

ಎರಡನ್ನೂ ಬೇರೆ ಮಾಡುವುದು ಸುಲಭ. ವೈನ್ ಅನ್ನು ಬಾಯಿ ಅಗಲವಾದ ಗಾಜಿನ ಜಗ್‌ಗೆ ಬಗ್ಗಿಸಿ ಎರಡು ಗಂಟೆ ಬಿಡಿ. ಉಸಿರುಗಟ್ಟಿದ ವಾಸನೆಯಾದರೆ ಬಹುಪಾಲು ಇಳಿದುಹೋಗಿ ಕಪ್ಪು ಹಣ್ಣು, ಕಾಳುಮೆಣಸು, ಆ ಕಡೆಯ ಗುಡ್ಡದ ಒಣಗಿದ ಸೊಪ್ಪಿನ ಪರಿಮಳ ಮೇಲೆ ಬರುತ್ತದೆ. ಯೀಸ್ಟಿನ ವಾಸನೆಯಾದರೆ ಹೋಗುವುದಿಲ್ಲ. ನೆಂದ ರಟ್ಟಿನ ಪೆಟ್ಟಿಗೆಯ ವಾಸನೆ ಬಂದು, ಹೊತ್ತು ಹೋದಷ್ಟೂ ಜೋರಾದರೆ ಬೆಂಡಿನ ದೋಷ, ಅದನ್ನು ಚೆಲ್ಲುವುದೇ ಸರಿ. ಉಗುರು ಬಣ್ಣ ತೆಗೆಯುವ ದ್ರವದ ವಾಸನೆ, ವಿನಿಗರ್ ಹುಳಿ ಬಂದರೂ ಅಷ್ಟೇ. ಸೆಕೆಯಲ್ಲಿ ಬೆಂದುಹೋದ ವೈನ್‌ಗೆ ಬೇಯಿಸಿದ ಒಣದ್ರಾಕ್ಷಿಯ ರುಚಿ ಇರುತ್ತದೆ. ಎಷ್ಟೋ ಸಲ ಬೆಂಡು ಸ್ವಲ್ಪ ಮೇಲೆದ್ದಿರುತ್ತದೆ, ಪಕ್ಕದಲ್ಲಿ ಸೋರಿದ ಗುರುತೂ ಕಾಣುತ್ತದೆ. ನೀವು ಇದ್ಯಾವುದನ್ನೂ ಬರೆದಿಲ್ಲ. ಅದಕ್ಕೇ ಕೆಟ್ಟಿರಲಿಲ್ಲ ಅಂದೆ.

ಗಂಧಕದ ವಾಸನೆ ಹಟ ಹಿಡಿದರೆ ತಾಮ್ರದ ಚಮಚ ಅದ್ದಿ ಒಂದು ನಿಮಿಷ ಆಡಿಸುವ ಉಪಾಯ ವೈನ್ ಕುಡಿಯುವವರಲ್ಲಿ ಇದೆ. ತಾಮ್ರ ಆ ಸಂಯುಕ್ತಗಳಲ್ಲಿ ಕೆಲವನ್ನು ಹಿಡಿದುಕೊಳ್ಳುತ್ತದೆ. ಇದು ಕೇಳಿ ಯಾರೂ ಇಡೀ ಬಾಟಲಿಯನ್ನು ತಾಮ್ರದ ಚೊಂಬಿಗೆ ಸುರಿದಿಡಬೇಡಿ. ವೈನ್ ಹುಳಿ ಪದಾರ್ಥ, ತಾಮ್ರ ಅದರಲ್ಲಿ ಕರಗುತ್ತದೆ. ಕಲಾಯಿ ಇಲ್ಲದ ಪಾತ್ರೆಯಲ್ಲಿ ಹುಣಸೆಹುಳಿ ಇಡದಿರುವ ಕಾರಣವೇ ಇಲ್ಲೂ.

ಈಗ ಊಟ. ನಿಮ್ಮ ಸಂಜೆ ಕೆಟ್ಟದ್ದು ಇಲ್ಲಿ ಅಂತ ನನಗನಿಸುತ್ತದೆ. ಖಾರಕ್ಕೂ ಆಲ್ಕೊಹಾಲ್‌ಗೂ ಆಗಿಬರುವುದಿಲ್ಲ. ಮೆಣಸಿನಕಾಯಿಯ ಉರಿಯನ್ನು ಆಲ್ಕೊಹಾಲ್ ಹೆಚ್ಚು ಮಾಡುತ್ತದೆ, ಶೇ 14 ಅಂದರೆ ವೈನ್‌ಗಳಲ್ಲಿ ಜೋರಾದದ್ದೇ. ಮೇಲೆ ಒಗರು ಬೇರೆ. ಉರಿಯುವ ಬಾಯಿಗೆ ಒಗರು ಇನ್ನೂ ಒರಟಾಗಿ ತಾಗುತ್ತದೆ. ಸಾರು ತೆಳ್ಳಗಿದ್ದರೆ ಒಗರನ್ನು ಹಿಡಿದುಕೊಳ್ಳಲು ಕೊಬ್ಬೂ ಇರುವುದಿಲ್ಲ.

ಈ ವೈನ್‌ಗೆ ಬೇಕಾದದ್ದು ಕೊಬ್ಬು, ಮಾಂಸ, ಉಪ್ಪು. ಮಾಂಸದ ಪ್ರೋಟೀನ್ ಸಿಕ್ಕರೆ ಟ್ಯಾನಿನ್ ಅದಕ್ಕೆ ಅಂಟುತ್ತದೆ, ನಿಮ್ಮ ಎಂಜಲನ್ನು ಬಿಡುತ್ತದೆ. ಉಪ್ಪು ಒಗರನ್ನು ಮೆತ್ತಗೆ ಮಾಡುತ್ತದೆ. ಬಾಂದೋಲ್ ಇರುವ ಪ್ರೊವಾನ್ಸ್ ಸೀಮೆಯ ಮನೆಗಳಲ್ಲಿ ಇದರ ಜೊತೆ ಬೆಳ್ಳುಳ್ಳಿ ರೋಸ್‌ಮರಿ ಹಾಕಿ ಸುಟ್ಟ ಕುರಿಮರಿ ತೊಡೆ ಇರುತ್ತದೆ. ಇಲ್ಲವೇ ಕೆಂಪು ವೈನ್, ಕಿತ್ತಳೆ ಸಿಪ್ಪೆ ಹಾಕಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿದ ದನದ ಮಾಂಸ, ಅದಕ್ಕೆ ದೋಬ್ ಅನ್ನುತ್ತಾರೆ. ಚಳಿಗಾಲದಲ್ಲಿ ಕಾಡುಹಂದಿ.

ಕಾಡುಹಂದಿ ಅಂದ ಕೂಡಲೇ ನನಗೆ ಕೊಡಗು ನೆನಪಾಗುತ್ತದೆ. ಮೈಸೂರಿನವರಿಗೆ ಕೊಡಗು ದೂರವಲ್ಲ. ಪಂದಿ ಕರಿಯಲ್ಲಿ ಕೊಬ್ಬಿದೆ. ಖಾರ ಬಹುಪಾಲು ಕಾಳುಮೆಣಸಿನದ್ದು, ಮೂರ್ವೆದ್ರ್‌ನಲ್ಲೂ ಮೆಣಸಿನ ಘಾಟು ಇದೆ. ಹುರಿದ ಮಸಾಲೆಯ ಕಪ್ಪು ರುಚಿ ಇದೆ. ಕಾಚಂಪುಳಿಯ ಹುಳಿ ಇದೆ, ಊಟದಲ್ಲಿ ಹುಳಿ ಇದ್ದರೆ ವೈನ್ ನಾಲಿಗೆಗೆ ಮೆತ್ತಗೆ, ಹಣ್ಣಿನಂತೆ ಕಾಣುತ್ತದೆ. ಹಸಿಮೆಣಸಿನಕಾಯಿ ಮಾತ್ರ ಕಡಿಮೆ ಮಾಡಿ. ಬಾಂದೋಲ್‌ಗೆ ನಮ್ಮ ರಾಜ್ಯದಲ್ಲಿ ಜೋಡಿ ಹುಡುಕು ಅಂದರೆ ನಾನು ಇದನ್ನೇ ಹೇಳುತ್ತೇನೆ, ಎರಡನೇ ಮಾತಿಲ್ಲ.

ಹಂದಿ ತಿನ್ನದಿದ್ದರೆ ಮಟನ್ ಪೆಪ್ಪರ್ ಡ್ರೈ, ಮಟನ್ ಚಾಪ್ಸ್ ಚೆನ್ನಾಗಿರುತ್ತವೆ. ಮಸಾಲೆಗೆ ಕೆಂಪು ಮೆಣಸಿನಕಾಯಿ ಬೇಕೇ ಬೇಕು ಅಂದರೆ ಬ್ಯಾಡಗಿ ಹಾಕಿ, ಬಣ್ಣ ಜಾಸ್ತಿ, ಖಾರ ಕಡಿಮೆ. ಗುಂಟೂರು ಹಾಕಿದರೆ ಅವತ್ತಿನ ಕಥೆಯೇ ಮತ್ತೆ. ಸಸ್ಯಾಹಾರದಲ್ಲಿ ಎಣ್ಣೆಗಾಯಿ ಬದನೆಕಾಯಿಗೆ ನನ್ನ ಓಟು. ಎಣ್ಣೆ, ಶೇಂಗಾ, ಎಳ್ಳು ಎಲ್ಲದರ ಕೊಬ್ಬೂ ಇದೆ. ಬೆಲ್ಲ ಕಡಿಮೆ ಮಾಡಬೇಕು, ಸಿಹಿಯ ಪಕ್ಕದಲ್ಲಿ ಒಗರು ಎದ್ದು ಕಾಣುತ್ತದೆ. ಅಣಬೆ ಮೆಣಸಿನ ಹುರಿಗೂ ತೊಂದರೆಯಿಲ್ಲ. ಮೀನು ಮಾತ್ರ ಬೇಡ. ಕೆಂಪು ವೈನ್‌ನ ಕಬ್ಬಿಣದ ಅಂಶ ಮೀನಿನ ಎಣ್ಣೆಗೆ ಸೇರಿ ಬಾಯಲ್ಲಿ ಲೋಹದಂಥ ರುಚಿ ಬರುತ್ತದೆ.

ಇನ್ನು ಎರಡನೇ ಬಾಟಲಿ. ಒಳ್ಳೆಯ ಬಾಂದೋಲ್ ಕೆಂಪು ಹತ್ತು ವರ್ಷ ಸುಲಭವಾಗಿ ಬಾಳುತ್ತದೆ, ಒಳ್ಳೆಯ ವರ್ಷದ್ದು ಅದಕ್ಕೂ ಮೀರಿ. ಕಾಲ ಕಳೆದ ಹಾಗೆ ಟ್ಯಾನಿನ್ ಕಣಗಳು ಒಂದಕ್ಕೊಂದು ಸೇರಿ ಭಾರವಾಗಿ ತಳಕ್ಕೆ ಗಸಿಯಾಗಿ ಕೂರುತ್ತವೆ. ಒಗರು ಇಳಿಯುತ್ತದೆ. ಹಣ್ಣಿನ ರುಚಿ ಹಿಂದೆ ಸರಿದು ಚರ್ಮ, ಒಣ ಎಲೆ, ಮಳೆ ಬಿದ್ದ ಕಾಡಿನ ನೆಲದ ಪರಿಮಳ ಬರುತ್ತದೆ. 2021ರದ್ದು ಇನ್ನೂ ಎಳೆಯದೇ.

ಆದರೆ ಈ ಲೆಕ್ಕವೆಲ್ಲ 12–14 ಡಿಗ್ರಿಯ ನೆಲಮಾಳಿಗೆಗೆ ಸಂಬಂಧಿಸಿದ್ದು. ನಮ್ಮ ಮನೆಗಳಿಗೆ ಅನ್ವಯಿಸುವುದಿಲ್ಲ. ಬೇಸಗೆಯಲ್ಲಿ 30 ದಾಟುವ ಕೋಣೆಯಲ್ಲಿ ವೈನ್ ಪಕ್ವವಾಗುವುದಿಲ್ಲ, ಸುಮ್ನೆ ಮುದಿಯಾಗುತ್ತದೆ. ಮನೆಯಲ್ಲಿ ವೈನ್‌ಗೆಂದೇ ಮಾಡಿದ ಫ್ರಿಜ್ ಇದ್ದರೆ ಐದಾರು ವರ್ಷ ಮರೆತುಬಿಡಿ. ಇಲ್ಲದಿದ್ದರೆ ಈ ಚಳಿಗಾಲದಲ್ಲೇ ಕುಡಿದುಬಿಡಿ. ಒಂದು ಬಾಟಲಿಗೋಸ್ಕರ ಫ್ರಿಜ್ ಕೊಳ್ಳಬೇಡಿ. ಮಾಮೂಲಿ ಫ್ರಿಜ್‌ನಲ್ಲಿ ಕೆಲವು ತಿಂಗಳು ಪರವಾಗಿಲ್ಲ. ವರ್ಷಗಟ್ಟಲೆ ಇಟ್ಟರೆ ಒಳಗಿನ ಒಣ ಗಾಳಿಗೆ ಬೆಂಡು ಒಣಗಿ ಸಡಿಲವಾಗುತ್ತದೆ.

ಕುಡಿಯುವ ದಿನ ಹೀಗೆ ಮಾಡಿ. ಮಧ್ಯಾಹ್ನ ಬಾಟಲಿ ಹೊರಗೆ ತೆಗೆದು ನೆಟ್ಟಗೆ ನಿಲ್ಲಿಸಿ. ಊಟಕ್ಕೆ ಮೂರು ಗಂಟೆ ಮೊದಲು ತೆರೆದು ಜಗ್‌ಗೆ ಬಗ್ಗಿಸಿ. ಡಿಕ್ಯಾಂಟರ್ ಏನೂ ಬೇಡ, ಶರಬತ್ತಿನ ಗಾಜಿನ ಜಗ್ ಸಾಕು. ಹತ್ತಿರದಲ್ಲಿ ಒಗ್ಗರಣೆ ಹಾಕಬೇಡಿ, ಇಂಗಿನ ಪರಿಮಳದ ಮುಂದೆ ಯಾವ ವೈನೂ ನಿಲ್ಲುವುದಿಲ್ಲ. ಕೆಂಪು ವೈನ್ ರೂಮಿನ ಉಷ್ಣತೆಯಲ್ಲಿ ಕುಡಿಯಬೇಕು ಅಂತ ಹೇಳುವುದನ್ನು ಕೇಳಿರುತ್ತೀರಿ. ಅದು ಅಲ್ಲಿಯ ಚಳಿ ಮನೆಗಳ ಮಾತು, 16–18 ಡಿಗ್ರಿ. ನಮ್ಮ 27 ಡಿಗ್ರಿ ಕೋಣೆಯಲ್ಲಿ ಆಲ್ಕೊಹಾಲ್ ಘಾಟು ಮೂಗಿಗೆ ಹೊಡೆಯುತ್ತದೆ. ಬಡಿಸುವ ಮುಂಚೆ ಜಗ್ ಅನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಎಲ್ಲವನ್ನೂ ಅವತ್ತೇ ಮುಗಿಸಬೇಕಿಲ್ಲ. ಮಿಕ್ಕಿದ್ದನ್ನು ಬಾಟಲಿಗೆ ಹಾಕಿ ಬೆಂಡು ಒತ್ತಿ ಫ್ರಿಜ್‌ನಲ್ಲಿಟ್ಟರೆ ಮಾರನೇ ದಿನ ಎಷ್ಟೋ ಸಲ ಇನ್ನೂ ಚೆನ್ನಾಗಿರುತ್ತದೆ. ಮೂರ್ವೆದ್ರ್‌ಗೆ ಗಾಳಿ ಬೇಕು ಅನ್ನುವುದಕ್ಕೆ ಇದಕ್ಕಿಂತ ಸುಲಭದ ಪುರಾವೆ ಬೇಡ.

ಮುಂದಿನ ಸಲ ಏನು ತರಿಸಲಿ ಅಂತ ಕೇಳಿದ್ದೀರಿ. ಇದೇ ವೈನ್ ಮತ್ತೊಮ್ಮೆ ನೋಡುವ ಆಸೆಯಿದ್ದರೆ ಹತ್ತು ವರ್ಷ ಹಳೆಯದನ್ನು ಹುಡುಕಲು ಮಗನಿಗೆ ಹೇಳಿ. ಫ್ರಾನ್ಸ್‌ನ ವೈನ್ ಅಂಗಡಿಗಳಲ್ಲಿ ಸಿಗುತ್ತದೆ, ಬೆಲೆ ಸ್ವಲ್ಪ ಏರಿರುತ್ತದೆ, ಅಷ್ಟೇ. ಶಿರಾಜ್ ರುಚಿಯೇ ನಿಮ್ಮದಾದರೆ ಬಾಂದೋಲ್ ಬಿಡಿ, ರೋನ್ ಕಣಿವೆಯ ದಕ್ಷಿಣದ ಜಿಗೊಂದಾಸ್ ಅಥವಾ ವಾಕೇರಾಸ್ ತರಿಸಿ. ಅಲ್ಲಿ ಗ್ರೆನಾಶ್ ಮುಖ್ಯ, ಜೊತೆಗೆ ಸಿರಾ ಇರುತ್ತದೆ. ಸಿರಾ ಅಂದರೆ ನಿಮ್ಮ ಶಿರಾಜೇ. ಗಟ್ಟಿಯಾಗಿಯೇ ಇರುತ್ತದೆ, ಇಷ್ಟು ಒಗರಿರುವುದಿಲ್ಲ. ನಮ್ಮ ಖಾರದ ಊಟಕ್ಕೆ ಬೇಕಾದರೆ ಬಾಂದೋಲ್‌ನದ್ದೇ ರೋಸೆ ಅನ್ನುವ ನಸುಗೆಂಪು ವೈನ್ ಇದೆ, ಅದೇ ದ್ರಾಕ್ಷಿ, ಆದರೆ ಸಿಪ್ಪೆಯ ಜೊತೆ ಸ್ವಲ್ಪ ಹೊತ್ತು ಮಾತ್ರ ಬಿಟ್ಟು ಮಾಡಿದ್ದು. ಒಗರು ತೀರಾ ಕಡಿಮೆ, ತಣ್ಣಗೆ ಕುಡಿಯಬಹುದು. ಅಂದ ಹಾಗೆ ಬಾಂದೋಲ್‌ನಲ್ಲಿ ಈಗ ಕೆಂಪಿಗಿಂತ ರೋಸೆಯೇ ಜಾಸ್ತಿ ತಯಾರಾಗುತ್ತದೆ.

ಮಗನ ಸೂಟ್‌ಕೇಸಿನಲ್ಲಿ ಎರಡೇ ಬಾಟಲಿ ಇರಲಿ. ಭಾರತಕ್ಕೆ ಬರುವ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಮದ್ಯ 2 ಲೀಟರ್. 750 ಮಿಲಿಯ ಎರಡು ಬಾಟಲಿ ಒಂದೂವರೆ ಲೀಟರ್ ಆಯಿತು, ಮೂರನೆಯದು ಬಂದರೆ ಮಿತಿ ದಾಟುತ್ತದೆ. ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್ ಇನ್ ಸಾಮಾನಿನಲ್ಲಿ ಸ್ವೆಟರ್ ಸುತ್ತಿ ನಡುವೆ ಇಡಲಿ. ಮನೆಗೆ ಬಂದ ಮೇಲೆ ಒಂದೆರಡು ವಾರ ತಣ್ಣಗಿನ ಜಾಗದಲ್ಲಿಟ್ಟು ಆಮೇಲೆ ತೆರೆಯಿರಿ.